ತರ್ಸುನನ ಕೂಸಿಗೆ ಹಗುರವಾದ ಹೆಸರು

ತರ್ಸುನನಿಗೆ ಗಂಡು ಮಗುವಾಗಿದೆ ಎಂಬ ಸುದ್ದಿ ಓಣಿಗೆಲ್ಲ ಗೊತ್ತಾದ ಮೇಲೆ ಕಟ್ಟಕಡೆಗೆ ಗೊತ್ತಾದದ್ದು ತರ್ಸುನನಿಗೆ.

ಸೊಕರಾಜಾ ಊರಿನ ಸಂತೆಯ ಹಿಂದಿನ ಓಣಿಯಲ್ಲಿ ಅವನದು ಪಂಚರ್ ಅಂಗಡಿ. ಅದೇ ಸೂರಿನ ಇನ್ನೊಂದು ಮೂಲೆಯಲ್ಲಿ ಅವನ ಹೆಂಡತಿ ರುಸ್ಮಿನಿಯ ಬಾಣಲೆ. ಅವಳು ಮೆಂದೊಆನ್ ಕರಿದು ಮಾರುತ್ತಾಳೆ. ಸೋಯಾ ಕಾಳಿನ ತೆಳ್ಳನೆಯ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟು, ಅರೆಬೆಂದಾಗಲೇ ಎತ್ತಿಬಿಡಬೇಕು. ಒದ್ದೆ ಕರವಸ್ತ್ರದ ಹಾಗೆ ಜೋತುಬಿದ್ದರೆ ಅದು ಮೆಂದೊಆನ್. ಗರಿಗರಿಯಾಗಿದ್ದರೆ ಆ ಊರಿನವರು ತಿನ್ನುವ ಮೊದಲು, ಮನೆಯಲ್ಲಿ ಏನಾಯಿತು ಎಂದು ಕೇಳುತ್ತಾರೆ.

ಓಣಿಯ ಇನ್ನೊಂದು ಪದ್ಧತಿಯನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಅಪ್ಪನಿಗೆ ಪಾಕ್, ಅಮ್ಮನಿಗೆ ಬು. ಮಗು ಹುಟ್ಟಿದ ದಿನದಿಂದ ತಂದೆತಾಯಿಗಳ ಹೆಸರು ಅಟ್ಟ ಸೇರುತ್ತದೆ. ವಿವಿತ್ ಎಂಬ ಹುಡುಗಿಯ ಅಪ್ಪ ಪಾಕ್ ವಿವಿತ್, ಅಮ್ಮ ಬು ವಿವಿತ್. ಸ್ವಂತ ಹೆಸರೇನೆಂದು ಯಾರಾದರೂ ಕೇಳಿದರೆ ಅವರೇ ಒಂದು ಗಳಿಗೆ ಆಕಾಶ ನೋಡುತ್ತಾರೆ. ಮದುವೆಯಾಗಿ ತಲೆ ನರೆತರೂ ತರ್ಸುನ್ ಬರೀ ತರ್ಸುನ್ ಆಗಿ ಉಳಿದಿದ್ದ, ರುಸ್ಮಿನಿ ಬರೀ ರುಸ್ಮಿನಿಯಾಗಿ. ಇದರ ಬಗ್ಗೆ ಗಂಡಹೆಂಡಿರು ಮಾತಾಡುವುದನ್ನು ಎಂದೋ ಬಿಟ್ಟಿದ್ದರು.

ಆ ಊರಿನಲ್ಲಿ ಬಿದಿರು ಬಾರಿಸುವ ಸಂಘಗಳು ಓಣಿಗೊಂದು ಇವೆ. ಸೀಳಿದ ಬಿದಿರಿನ ಕೊಳವೆಗಳನ್ನು ಕೋಲಿನಿಂದ ಬಡಿದು, ಜೊತೆಗೆ ಒಂದು ಕೊಳಲು ಸೇರಿಸಿ, ಕುಣಿಯುತ್ತಾ ಮೆರವಣಿಗೆ ಹೋಗುವುದು. ತರ್ಸುನನ ಸಂಘದ ಹೆಸರು ಪ್ರಿಂಗ್ ಲಾರಸ್. ಅಧ್ಯಕ್ಷ ಪಾಕ್ ಗಿನೊ. ತರ್ಸುನ್ ಬಾರಿಸುತ್ತಿದ್ದ ಕೊಳವೆ ಎಲ್ಲರಿಗಿಂತ ಸಣ್ಣದು. ಆದರೂ ಎಲ್ಲರಿಗಿಂತ ಹೆಚ್ಚಾಗಿ ಕೇಳಿಸುತ್ತಿತ್ತು. ಮಿಕ್ಕವರೆಲ್ಲ ನಿಲ್ಲಿಸಿದ ಮೇಲೆ ಬರುತ್ತಿದ್ದುದೇ ಅದಕ್ಕೆ ಕಾರಣ.

"ತರ್ಸುನ್, ನೀನು ಬಾರಿಸೋದು ನಿನ್ನೆಯ ತಾಳಕ್ಕೆ ಕಣಯ್ಯ," ಎಂದು ಪಾಕ್ ಗಿನೊ ಒಂದು ಸಂಜೆ ಹೇಳಿ, ಕೋಲನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡ. "ನಿನಗೆ ಇದಕ್ಕಿಂತ ದೊಡ್ಡ ಜವಾಬ್ದಾರಿ ಇದೆ. ಈ ವರ್ಷದ ಸ್ಪರ್ಧೆಗೆ ಪ್ರತಿ ಸಂಘಕ್ಕೂ ಒಂದು ಮಸ್ಕಾಟ್ ಬೇಕಂತೆ. ಒಳಗೆ ಆಳು ಹೊಕ್ಕು ಕುಣಿಯೋ ಬೊಂಬೆ. ಅದಕ್ಕೊಂದು ಹೆಸರೂ ಬೇಕಂತೆ, ಮೈಕಿನಲ್ಲಿ ಕೂಗ್ತಾರೆ. ಇದೆಲ್ಲ ನಿನಗೇ ಬಿಟ್ಟಿದ್ದು."

ಹೊರಗೆ ಹಾಕಿದ್ದನ್ನು ತರ್ಸುನ್ ಬಡ್ತಿ ಎಂದು ತಿಳಿದ.

ಬೊಂಬೆಗೆ ಆರಿಸಿದ್ದು ತೊಕೆಕ್, ಗೋಡೆಯ ಮೇಲೆ ಕೂತು ಗಟ್ಟಿಯಾಗಿ ಕೂಗುವ ದೊಡ್ಡ ಹಲ್ಲಿ. ಬಿದಿರಿನ ಸದ್ದಿಗೂ ಅದರ ಕೂಗಿಗೂ ಸಂಬಂಧವಿದೆ ಎಂದು ಎಲ್ಲರೂ ಒಪ್ಪಿದರು. ಆದರೆ ಹೋದ ವರ್ಷ ಇವರು ಗುಟ್ಟಾಗಿ ಎಮ್ಮೆ ಮಾಡಿದ್ದಾಗ, ಪಕ್ಕದ ಕಾಲಿವಾಂಗಿ ಸಂಘದವರು ಹೇಗೋ ತಿಳಿದುಕೊಂಡು ಇನ್ನೂ ದೊಡ್ಡ ಎಮ್ಮೆ ತಂದಿದ್ದರು. ಅದಕ್ಕೆ ಈ ಸಲ ದೊಡ್ಡ ಬಿದಿರಿನ ಮೇಲೆ ಕೈಯಿಡಿಸಿ ಎಲ್ಲರಿಂದಲೂ ಆಣೆ ಮಾಡಿಸಿದರು. ಹೆಂಡತಿಗೂ ಹೇಳಕೂಡದು, ಹೇಳಿದವನು ಸಂಘದಿಂದ ಹೊರಗೆ. ಹೊಲಿಯುವುದೂ ಊರಲ್ಲಿ ಬೇಡ. ಪುರ್ವೊಕರ್ತೊದಲ್ಲಿ ಲಸ್ಮಿ ಎಂಬ ವಿಧವೆಯೊಬ್ಬರು ನಾಟಕದವರಿಗೆ ಬಟ್ಟೆ ಹೊಲಿಯುತ್ತಾರೆ, ಅವರಿಗೆ ಕೊಡುವುದು.

ಹೀಗೆ ತರ್ಸುನ್ ಎರಡು ದಿನಕ್ಕೊಮ್ಮೆ ಪಂಚರ್ ಅಂಗಡಿ ಮುಚ್ಚಿ, ಮೀಸೆ ತಿದ್ದಿಕೊಂಡು ಪುರ್ವೊಕರ್ತೊದ ವ್ಯಾನು ಹತ್ತತೊಡಗಿದ. ಒಂದು ದಿನ ತಿಳಿನೀಲಿ ಬಟ್ಟೆ ಕೊಂಡ. ಇನ್ನೊಂದು ದಿನ ಚೀಲದ ತುಂಬ ಬೂರುಗದ ಹತ್ತಿ, ಅಲ್ಲಿಯ ಮಾತಿನಲ್ಲಿ ಕಾಪುಕ್. ಸಂತೆಯಲ್ಲಿ ನೋಡಿದವರು, "ಏನಪ್ಪಾ, ಎಳೇ ಕೂಸಿಗೆ ಹಾಸಿಗೆ ಮಾಡಿಸ್ತೀಯಾ?" ಎಂದು ತಮಾಷೆಗೆ ಕೇಳಿದರು. ತರ್ಸುನ್ ಆಣೆ ನೆನಪಿಟ್ಟುಕೊಂಡು, "ಹೂಂ, ಅಂಥದ್ದೇ ಏನೋ," ಎಂದ. ಇಷ್ಟು ಜಾಣತನದ ಉತ್ತರ ತನಗೆ ಹೊಳೆದದ್ದಕ್ಕೆ ಅವನಿಗೇ ಹೆಮ್ಮೆಯಾಯಿತು.

ಬೊಂಬೆಗೆ ಅವನು ಇಟ್ಟ ಹೆಸರು ಪ್ರಬು ಸೂರ್ಯ ಜಗದ್‌ನಿಂಗ್ರತ್. ಅರಮನೆಯವರ ಹೆಸರಿನ ಹಾಗಿದೆ ಎಂದು ತಾನೇ ನಾಲ್ಕು ಸಲ ಹೇಳಿಕೊಂಡು ಸುಖಪಟ್ಟ. ಆದರೆ ಮೊದಲ ದಿನವೇ ಬೊಂಬೆಯ ತಲೆ ಸಂಘದ ಬಾಗಿಲಿಗೆ ತಗುಲಿ ಕಳಚಿ, ಉರುಳಿಕೊಂಡು ಹೋಗಿ ಬಾತುಕೋಳಿಗಳಿರುವ ಚರಂಡಿಗೆ ಬಿತ್ತು. ರಿಪೇರಿಗೆ ಬರಲು ಲಸ್ಮಿಗೆ ಹೇಳಿಕಳಿಸಿದರು. ಮರುದಿನ ಒಳಗೆ ಹೊಕ್ಕು ಕುಣಿಯಬೇಕಾದವನಿಗೆ ಜ್ವರ ಬಂತು.

ಕಾರಣ ಎಲ್ಲರಿಗೂ ತಕ್ಷಣ ಹೊಳೆಯಿತು. ಆ ಕಡೆ ಕೂಸು ಪದೇಪದೇ ಕಾಯಿಲೆ ಬಿದ್ದರೆ ವೈದ್ಯರಿಗೆ ತೋರಿಸುತ್ತಾರೆ, ಜೊತೆಗೆ ಹೆಸರನ್ನೂ ತೂಗಿ ನೋಡುತ್ತಾರೆ. ಹೊರಲಾರದಷ್ಟು ದೊಡ್ಡ ಹೆಸರಿಟ್ಟರೆ ಕೂಸು ಅದರ ಭಾರಕ್ಕೇ ಸೊರಗುತ್ತದೆ. ಆಗ ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ಹಂಚಿ, ಹಗುರವಾದ ಹೆಸರಿಡುತ್ತಾರೆ.

"ಹೆಸರು ಭಾರವಾಗಿದೆ," ಎಂದ ಪಾಕ್ ಗಿನೊ. "ಇಟ್ಟವನು ನೀನು, ತೆಗೆಯೋನೂ ನೀನೇ. ಶಾಸ್ತ್ರಪ್ರಕಾರ ಆಗಲಿ. ಗುಟ್ಟಾಗಿಯೂ ಆಗಲಿ."

ಶಾಸ್ತ್ರ ಮತ್ತು ಗುಟ್ಟು ಎರಡನ್ನೂ ಒಟ್ಟಿಗೆ ಮಾಡುವುದು ದೊಡ್ಡ ರಾಜಕಾರಣಿಗಳಿಗೇ ಕಷ್ಟ. ತರ್ಸುನ್ ನೇರವಾಗಿ ಹೋದದ್ದು ನವಿ ಅಜ್ಜನ ಮನೆಗೆ. ಅಜ್ಜ ಉಳುಕು ತೆಗೆಯುತ್ತಿದ್ದ, ಹೆಸರಿನ ಸಲಹೆಯನ್ನೂ ಕೊಡುತ್ತಿದ್ದ. ಅವನಿಗೆ ಕಿವಿ ಮಂದ. ಹಾಗಾಗಿ ಎದುರಿಗಿದ್ದವರೂ ಕಿವುಡರೆಂದು ತಿಳಿದು ಕಿರುಚುತ್ತಿದ್ದ. ಬಿದಿರ ತಟ್ಟಿಯ ಆ ಕಡೆ, ಉಳುಕಿದ ಕಾಲಿಗೆ ಎಣ್ಣೆ ಹಚ್ಚಿಕೊಂಡು ಬು ವಿವಿತ್ ಕೂತಿದ್ದದ್ದು ತರ್ಸುನನಿಗೆ ಗೊತ್ತಿರಲಿಲ್ಲ.

"ಯಾವತ್ತು ಹುಟ್ಟಿದ್ದು?" ಎಂದು ಅಜ್ಜ ಕೂಗಿದ.

"ಮುಗಿದದ್ದು ಮಂಗಳವಾರ, ಅಜ್ಜ."

"ಎಲ್ಲಿ?"

"ಪುರ್ವೊಕರ್ತೊದಲ್ಲಿ. ಲಸ್ಮಿ ಅಂತ ಒಬ್ಬ ವಿಧವೆ ಮನೇಲಿ. ಸ್ವಲ್ಪ ಮೆತ್ತಗೆ ಮಾತಾಡಿ ಅಜ್ಜ, ಗುಟ್ಟಿನ ವಿಷಯ."

"ಗುಟ್ಟಾ!" ಅಜ್ಜ ಇನ್ನೂ ಗಟ್ಟಿಯಾಗಿ ಕೂಗಿದ. "ಗಂಡೋ ಹೆಣ್ಣೋ?"

"ಗಂಡು ಅಂತ ಇಟ್ಕೊಳ್ಳಿ."

"ಇಟ್ಕೊಳ್ಳೋದೇನು? ನೀನು ನೋಡಿಲ್ವಾ?"

"ನೋಡಿದೀನಿ. ಬಾಯಿ ಭಾರಿ ದೊಡ್ಡದು. ಮೈತುಂಬ ಕೆಂಪು ಚುಕ್ಕೆ."

"ದಡಾರ!"

"ಅಲ್ಲಜ್ಜ, ಅದು ಇರೋದೇ ಹಾಗೆ. ತಲೆ ಮಾತ್ರ ನಿಲ್ತಾ ಇಲ್ಲ."

"ಎಳೇ ಕೂಸಿನ ತಲೆ ನಿಲ್ಲುತ್ತೇನೋ ಪೆದ್ದ? ಕುತ್ತಿಗೆ ಹಿಂದೆ ಕೈ ಆನಿಸಬೇಕು. ಹೆಸರೇನಿಟ್ಟಿದ್ದೆ?"

ತರ್ಸುನ್ ಹೇಳಿದ. ಅಜ್ಜ ತೊಡೆ ತಟ್ಟಿಕೊಂಡ. "ಅಯ್ಯಯ್ಯೋ, ಅಷ್ಟುದ್ದ ಹೆಸರು ಹೊತ್ತರೆ ಸುಲ್ತಾನನ ಮಗನಿಗೂ ನಡು ಉಳುಕುತ್ತೆ! ಹಗುರವಾದ್ದು ಇಡು. ಆದರೆ ಅದು ನಿನ್ನಿಂದಾಗಲ್ಲ. ಗಂಡಸರು ಹೆಸರಿಡೋಕೆ ಕೂತರೆ ರಾಜರೇ ನೆನಪಾಗ್ತಾರೆ. ತಾಯಿ ಬಾಯಿಂದ ಬರಬೇಕು ಅದು."

ತಟ್ಟಿಯ ಆ ಕಡೆ ಬು ವಿವಿತಳ ಉಳುಕು ತಾನಾಗಿ ಬಿಟ್ಟುಹೋಯಿತು. ತರ್ಸುನ್ ಅಜ್ಜನಿಗೆ ನಮಸ್ಕಾರ ಹೇಳಿ ಚಪ್ಪಲಿ ಹುಡುಕುವಷ್ಟರಲ್ಲಿ ಆಕೆ ಹಿತ್ತಿಲಿನಿಂದ ಹೊರಬಿದ್ದು ರುಸ್ಮಿನಿಯ ಬಾಣಲೆಯ ಮುಂದೆ ನಿಂತಾಗಿತ್ತು.

"ಎರಡು ಕೊಡು ರುಸ್ಮಿ. ಅಯ್ಯೋ ನನ್ನ ತಂಗಿ, ನಿನ್ನ ತಾಳ್ಮೆ ದೊಡ್ಡದಮ್ಮ. ನಾನಾಗಿದ್ರೆ ಈ ಎಣ್ಣೆ ಅವನ ತಲೆ ಮೇಲೆ ಸುರಿದುಬಿಡ್ತಿದ್ದೆ."

"ಯಾರ ತಲೆ ಮೇಲೆ, ಬು?"

"ನಿನಗೆ ಗೊತ್ತಿಲ್ವಾ? ಅಯ್ಯೋ, ನನ್ನ ಬಾಯಿ ಬಿದ್ದುಹೋಗಾ! ನಾನು ಏನೂ ಹೇಳಲ್ಲ." ಹಾಗೆಂದು ಬು ವಿವಿತ್ ಎಲ್ಲವನ್ನೂ ಹೇಳಿದಳು. ಚುಕ್ಕೆ, ಬಾಯಿ, ವಿಧವೆ, ಏನನ್ನೂ ಬಿಡಲಿಲ್ಲ.

ಆವತ್ತು ಸಂಜೆ ತರ್ಸುನ್ ತಟ್ಟೆಯಿಂದ ಒಂದು ಮೆಂದೊಆನ್ ಎತ್ತಿಕೊಂಡು ಕಚ್ಚಿದಾಗ ಅದು ಹೆಂಚಿನ ಹಾಗೆ ಕಟಕ್ಕೆಂದು ಮುರಿಯಿತು.

"ಎಣ್ಣೆ ಜಾಸ್ತಿ ಕಾದಿತ್ತಾ?"

"ಕಾದಿದ್ದು ಎಣ್ಣೆ ಅಲ್ಲ, ಕಾಂಗ್," ಎಂದಳು ರುಸ್ಮಿನಿ. ಕಾಂಗ್ ಎಂದರೆ ಅಣ್ಣ; ಆ ಊರಿನ ಹೆಂಡತಿಯರು ಗಂಡನನ್ನೂ ಹಾಗೆಯೇ ಕರೆಯುತ್ತಾರೆ. ತರ್ಸುನ್ ಅನಿಲದ ಸಿಲಿಂಡರು ಹೊಸದೇನೋ ಎಂದುಕೊಂಡು ಚಹಾದಲ್ಲಿ ಅದ್ದಿಕೊಂಡು ತಿಂದ.

ಮರುದಿನ ಬೆಳಿಗ್ಗೆ ಓಣಿಯ ಮುಖ್ಯಸ್ಥ ಪಾಕ್ ವಿವಿತ್ ಇಸ್ತ್ರಿ ಅಂಗಿ ತೊಟ್ಟು ಪಂಚರ್ ಅಂಗಡಿಗೆ ಬಂದ. ಓಣಿಗೆ ಒಂದು ಬೆಕ್ಕು ಹೆಚ್ಚಾದರೂ ತನಗೆ ಮೊದಲು ಗೊತ್ತಾಗಬೇಕು ಎನ್ನುವ ಮನುಷ್ಯ. ಮೆರವಣಿಗೆಗೆ ಇವನ ಒಪ್ಪಿಗೆ ಬೇಕಾದ್ದರಿಂದ ಪಾಕ್ ಗಿನೊ ಬೊಂಬೆಯ ವಿಷಯ ಹೇಳಿರಬೇಕೆಂದು ತರ್ಸುನ್ ಲೆಕ್ಕ ಹಾಕಿದ.

"ನಿನ್ನ ಆ ವಿಷಯ ನನ್ನ ಕಿವಿಗೆ ಬಿತ್ತು," ಎಂದ ಪಾಕ್ ವಿವಿತ್ ಗಂಟಲು ಸರಿಮಾಡಿಕೊಂಡು.

"ಸದ್ಯ! ಒಳಗೇ ಇಟ್ಕೊಂಡು ಸಾಕಾಗಿತ್ತು."

"ಅದು ನಮ್ಮ ಓಣಿಗೆ ಸೇರಬೇಕೋ, ಪುರ್ವೊಕರ್ತೊಗೆ ಸೇರಬೇಕೋ?"

"ನಮ್ಮದೇ! ಹೊಲಿದ... ಅಂದರೆ, ಆಗಿದ್ದು ಅಲ್ಲಿ ಅಷ್ಟೆ. ಮೆರೆಯೋದೆಲ್ಲ ನಮ್ಮ ಓಣಿ ಹೆಸರಿನಲ್ಲಿ."

"ಮೆರೆಸೋ ಯೋಚನೆ ಬೇರೆ ಇದೆಯಾ! ಅಪ್ಪ ಅಂತ ನಿನ್ನ ಹೆಸರೇ ಹೇಳೋದಾ?"

ತರ್ಸುನನಿಗೆ ನಾಚಿಕೆಯಾಯಿತು. "ನನ್ನೊಬ್ಬನ ಹೆಸರು ಹೇಳಿದರೆ ತಪ್ಪಾಗುತ್ತೆ, ಪಾಕ್. ಇದರಲ್ಲಿ ಸಂಘದವರೆಲ್ಲರ ಪಾಲೂ ಇದೆ."

ಪಾಕ್ ವಿವಿತ್ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. "ಎಲ್ಲರದ್ದೂ?"

"ಎಲ್ಲರದ್ದೂ. ಪಾಕ್ ಗಿನೊ ಅಂತೂ ವಯಸ್ಸಾಗಿದ್ರೂ ತುಂಬ ಶ್ರಮಪಟ್ಟರು."

ಪಾಕ್ ವಿವಿತ್ ಎದ್ದು ನೆಟ್ಟಗೆ ಮನೆಗೆ ನಡೆದ. ಆವರೆಗೆ ತರ್ಸುನನ ಮನೆಯಲ್ಲಿ ಮಾತ್ರ ಉರಿಯುತ್ತಿದ್ದ ಬೆಂಕಿ ಮಧ್ಯಾಹ್ನದ ಹೊತ್ತಿಗೆ ಸಂಘದ ಪ್ರತಿಯೊಬ್ಬ ಸದಸ್ಯನ ಅಡುಗೆಮನೆಯಲ್ಲೂ ಹೊತ್ತಿಕೊಂಡಿತು. ಬು ಗಿನೊ ಗಂಡನ ತಟ್ಟೆಗೆ ಬರೀ ಅನ್ನ ಹಾಕಿ, "ಶ್ರಮಪಟ್ಟಿದ್ದೀರಂತಲ್ಲ, ತಿನ್ನಿ," ಎಂದಳಂತೆ. ತನ್ನ ಬೊಂಬೆಯ ಕೆಲಸ ಹೆಂಡತಿಗೆ ಹೇಗೋ ಗೊತ್ತಾಗಿದೆ ಎಂದು ತಿಳಿದ ಪಾಕ್ ಗಿನೊ, ಆಣೆಯ ಭಯಕ್ಕೆ, "ನಾನೇನೂ ಮಾಡಿಲ್ಲ, ಬರೀ ಬಾಲ ಹಿಡ್ಕೊಂಡಿದ್ದೆ," ಎಂದನಂತೆ.

ಇದೊಂದೂ ತಿಳಿಯದ ತರ್ಸುನ್ ಆ ಸಂಜೆ, ಲೋಕದಲ್ಲಿ ಯಾವ ಗಂಡನೂ ಕೇಳಬಾರದ ಹೊತ್ತಿನಲ್ಲಿ ಕೇಳಬಾರದ ಮಾತನ್ನು ಕೇಳಿದ. "ರುಸ್ಮಿ, ನಾಳೆಗೆ ಸ್ವಲ್ಪ ಕೆಂಪು ಗಂಜಿ, ಬಿಳಿ ಗಂಜಿ ಮಾಡಿಕೊಡ್ತೀಯಾ? ಒಂದು ಹೆಸರಿಡೋದಿದೆ."

ರುಸ್ಮಿನಿ ಜಾಲರಿ ಸೌಟನ್ನು ಎಣ್ಣೆಯಿಂದ ಎತ್ತಿ ಪಕ್ಕಕ್ಕಿಟ್ಟಳು.

"ಎಷ್ಟು ಜನಕ್ಕೆ?" ಎಂದಳು.

"ಸಂಘದವರಿಗೆ ಸಾಕು. ಬೆಲ್ಲ ಚೆನ್ನಾಗಿ ಹಾಕು."

ಬೆಳಿಗ್ಗೆ ಅವಳ ಅಣ್ಣ ಸರ್ಕಿಮ್ ಕೆಬುಮೆನ್‌ನಿಂದ ಮೋಟಾರು ಸೈಕಲ್ಲಿನಲ್ಲಿ ಬಂದಿಳಿದ. ಹೆಲ್ಮೆಟ್ಟು ತೆಗೆಯದೆಯೇ ಜಗಲಿಯ ಮೇಲೆ ಕೂತ. ಒಳಗೆ ಎರಡು ಪಾತ್ರೆ ಗಂಜಿ ಆರುತ್ತಿತ್ತು. ಬಾಗಿಲ ಪಕ್ಕದಲ್ಲಿ ರುಸ್ಮಿನಿಯ ಬಟ್ಟೆಯ ಗಂಟು ಕಟ್ಟಿ ಇಟ್ಟಿತ್ತು. ತರ್ಸುನ್ ಗಂಟನ್ನು ನೋಡಿದ, ಭಾವಮೈದುನನನ್ನು ನೋಡಿದ.

"ಎಲ್ಲಿಗೆ ಭಾವ, ಇಷ್ಟು ಬೇಗ?"

"ನನ್ನ ತಂಗೀನ ಕರ್ಕೊಂಡು ಹೋಗೋಕೆ. ಎರಡನೇದು ಬೇಕಿದ್ದರೆ ಮೊದಲನೇದರ ಒಪ್ಪಿಗೆ ಕೇಳ್ಬೇಕು ಅನ್ನೋ ಮರ್ಯಾದೆನೂ ಇಲ್ವಲ್ಲೋ ನಿನಗೆ! ಕೂಸು ಹುಟ್ಟಿ, ತಲೆ ನಿಲ್ಲದೆ, ಮೈಯೆಲ್ಲ ಗುಳ್ಳೆಯಾಗಿ, ಅದರ ಗಂಜೀನೂ ಇವಳ ಕೈಲೇ ಮಾಡಿಸ್ತೀಯಾ?"

ತರ್ಸುನನ ತಲೆಯಲ್ಲಿ ತಾಳ ಯಾವಾಗಲೂ ಒಂದು ಪೆಟ್ಟು ತಡವಾಗಿ ಬೀಳುತ್ತದೆ. ಈಗಲೂ ತಡವಾಗಿಯೇ ಬಿತ್ತು. ಆದರೆ ಜೋರಾಗಿ ಬಿತ್ತು. ವ್ಯಾನು, ಹತ್ತಿ, ಅಜ್ಜನ ಕೂಗು, ಟೈರಿನ ಮೇಲೆ ಕೂತ ಪಾಕ್ ವಿವಿತ್, ಮುರಿದ ಮೆಂದೊಆನ್, ಎಲ್ಲ ಸಾಲಾಗಿ ಬಂದು ನಿಂತವು. ಅವನು ಮತ್ತೆ ಆ ಗಂಟನ್ನು ನೋಡಿದ. ಸಂಘದಿಂದ ಹೊರಗೆ ಹಾಕಿದರೆ ಹಾಕಲಿ ಎಂದುಕೊಂಡ.

"ರುಸ್ಮಿ, ದೇವರಾಣೆಗೂ ಅದು ಕೂಸಲ್ಲ. ಅದು ಹಲ್ಲಿ!"

ಬೇಲಿಯಾಚೆ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದ ಬು ವಿವಿತಳ ಕೈಯಿಂದ ಕ್ಲಿಪ್ಪು ಬಿತ್ತು.

"ಕೇಳಿಸ್ಕೊಂಡ್ರಾ?" ಎಂದು ಸರ್ಕಿಮ್ ಎದ್ದು ನಿಂತ. "ಹುಟ್ಟಿಸಿದ ಕೂಸನ್ನೇ ಹಲ್ಲಿ ಅಂತಾನೆ!"

"ನಿಜವಾಗ್ಲೂ ಹಲ್ಲಿ, ಭಾವ! ನೀಲಿ ಹಲ್ಲಿ! ಬಾಲ ಇದೆ!"

"ಬಾಲ ಬೇರೆ ಇದೆಯಂತೆ! ನಾಚ್ಕೆ ಆಗಲ್ವೇನೋ?"

ರುಸ್ಮಿನಿ ಸೆರಗಿನಿಂದ ಪಾತ್ರೆಯ ಕಿವಿ ಹಿಡಿದು ಎತ್ತಿದಳು. "ಕೂಸು ಹೇಗೇ ಇರಲಿ, ಹಾಗನ್ನಬಾರದು, ಕಾಂಗ್," ಎಂದಳು. "ಅದೇನು ತಪ್ಪು ಮಾಡಿದೆ? ಅಣ್ಣ, ಆ ಇನ್ನೊಂದು ಪಾತ್ರೆ ಹಿಡ್ಕೊ. ನಾನೇ ಬಂದು ಬಡಿಸ್ತೀನಿ. ಮುಖ ನೋಡಿದ ಮೇಲೆ, ಇರೋದೋ ಹೋಗೋದೋ ಹೇಳ್ತೀನಿ."

ಹೀಗೆ ಮುಂದೆ ಬಿಳಿ ಗಂಜಿ ಹೊತ್ತ ರುಸ್ಮಿನಿ, ಹಿಂದೆ ಹೆಲ್ಮೆಟ್ಟು ತೊಟ್ಟು ಕೆಂಪು ಗಂಜಿ ಹೊತ್ತ ಸರ್ಕಿಮ್, ಅವರ ಹಿಂದೆ ಬರಿಗೈ ತರ್ಸುನ್, ಅವನ ಹಿಂದೆ ಬು ವಿವಿತ್ ಮುಂತಾಗಿ ಇಡೀ ಓಣಿ ಸಂಘದ ಕಟ್ಟಡಕ್ಕೆ ನಡೆಯಿತು. ಸ್ಪರ್ಧೆಯ ದಿನವೂ ಅಷ್ಟು ಜನ ಸೇರುತ್ತಾರೆಂಬ ನಂಬಿಕೆ ಯಾರಿಗೂ ಇರಲಿಲ್ಲ.

ಪಾಕ್ ಗಿನೊ ಬಾಗಿಲಿಗೆ ಅಡ್ಡ ನಿಂತ. "ಯಾರೂ ಒಳಗೆ ಬರೋ ಹಾಗಿಲ್ಲ! ಗುಟ್ಟು!"

"ನನ್ನ ಓಣಿಯಲ್ಲಿ ಎಷ್ಟು ಜೀವ ಇದೆ ಅನ್ನೋದು ನನಗೆ ಗೊತ್ತಿರಬೇಕು," ಎಂದು ಪಾಕ್ ವಿವಿತ್ ಅವನನ್ನು ಪಕ್ಕಕ್ಕೆ ಸರಿಸಿದ. ಬು ಗಿನೊ ಇನ್ನೂ ಸ್ವಲ್ಪ ದೂರಕ್ಕೆ ಸರಿಸಿದಳು.

ಒಳಗೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಹೊದಿಕೆ ಹೊದ್ದು ಏನೋ ಮಲಗಿತ್ತು. ಪಕ್ಕದಲ್ಲಿ ದಪ್ಪ ಕನ್ನಡಕದ, ಹಲ್ಲಿಲ್ಲದ ಮುದುಕಿಯೊಬ್ಬಳು ಕತ್ತರಿ ಹಿಡಿದು ಕೂತಿದ್ದಳು.

"ಲಸ್ಮಿ ಯಾರು?" ಎಂದಳು ರುಸ್ಮಿನಿ.

"ನಾನೇ ಕಣಮ್ಮ," ಎಂದಳು ಮುದುಕಿ. "ತರ್ಸುನ್, ಒಳ್ಳೆ ಹೊತ್ತಿಗೆ ಬಂದೆ. ಒಂದು ಕಾಲು ಉದ್ದ ಆಗಿದೆ. ಕತ್ತರಿಸಿಬಿಡ್ಲಾ?"

ಬು ವಿವಿತ್ ಕಿಟಾರನೆ ಕಿರುಚಿದಳು. ಸರ್ಕಿಮ್ ಪಾತ್ರೆ ಕೆಳಗಿಟ್ಟು, ಮುನ್ನುಗ್ಗಿ ಹೊದಿಕೆ ಎಳೆದ.

ನೀಲಿ ಮೈ, ಕೆಂಪು ಚುಕ್ಕೆ, ತಟ್ಟೆಯಗಲದ ಹಳದಿ ಕಣ್ಣು. ಒಳಗಿನಿಂದ ಮನುಷ್ಯ ಇಣುಕಿ ನೋಡುವಷ್ಟು ದೊಡ್ಡ ಬಾಯಿ ಸರ್ಕಿಮನ ಕಡೆ ತೆರೆದುಕೊಂಡಿತ್ತು. ಎಳೆದ ರಭಸಕ್ಕೆ ತಲೆ ಮತ್ತೆ ವಾಲಿತು.

ಅವನು ಹೊದಿಕೆ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದ.

"ಹಲ್ಲಿ," ಎಂದ ಸರ್ಕಿಮ್ ಸಣ್ಣ ದನಿಯಲ್ಲಿ.

"ನಾನು ಆಗ್ಲೇ ಹೇಳಿದ್ನಲ್ಲ," ಎಂದ ತರ್ಸುನ್.

ಮೊದಲು ನಕ್ಕವಳು ಬು ಗಿನೊ. ಆಮೇಲೆ ಯಾರು ಯಾವಾಗ ನಕ್ಕರು ಎಂದು ಹೇಳುವುದು ಕಷ್ಟ. ಪಾಕ್ ವಿವಿತ್ ಮಾತ್ರ ನಗಲಿಲ್ಲ; ಜನಸಂಖ್ಯೆ ಹೆಚ್ಚಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಬೊಂಬೆಯ ಬಾಯೊಳಗೆ ಒಮ್ಮೆ ಕೈಯಾಡಿಸಿದ.

ರುಸ್ಮಿನಿಯೂ ನಗಲಿಲ್ಲ. ಅವಳು ಗಂಜಿಯ ಪಾತ್ರೆ ಕೆಳಗಿಟ್ಟು, ಹೆಗಲಿನ ಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದಿದ್ದಳು. ಆ ಕಡೆಯ ಹೆಂಗಸರು ಎಳೇ ಮಗುವನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಉದ್ದನೆಯ ಬಾಟಿಕ್ ಬಟ್ಟೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ತರ್ಸುನ್ ಅದನ್ನು ನೋಡಿದ. ಊರಿಗೆ ಹೋಗುವವಳು ಗಂಟು ಕಟ್ಟಿ ಮನೆಯಲ್ಲೇ ಬಿಟ್ಟಿದ್ದಳು, ಇದನ್ನು ಮಾತ್ರ ತಂದಿದ್ದಳು. ಅವನು ಬಾಗಿ ಹಲ್ಲಿಯ ಬಾಲ ಸರಿಮಾಡತೊಡಗಿದ.

"ತಲೆ ಹೀಗೆ ಬಿಟ್ಟರೆ ನಿಲ್ಲುತ್ತಾ?" ಎಂದಳು ರುಸ್ಮಿನಿ. ಬಟ್ಟೆಯನ್ನು ಬಿಚ್ಚಿ, ಹಲ್ಲಿಯ ಕುತ್ತಿಗೆಯ ಹಿಂದಿನಿಂದ ತಂದು, ಎದೆಯ ಮೇಲೆ ಅಡ್ಡ ಹಾಯಿಸಿ, ಬೆನ್ನಿಗೆ ಬಿಗಿದು ಗಂಟು ಹಾಕಿದಳು. ತಲೆ ನೆಟ್ಟಗೆ ನಿಂತಿತು. ಲಸ್ಮಿ ಕನ್ನಡಕ ಎತ್ತಿ ನೋಡಿ, "ಇದು ನನಗೆ ಹೊಳೀಲೇ ಇಲ್ಲ ನೋಡು," ಎಂದಳು.

"ಸರಿ, ಗುಟ್ಟಂತೂ ಹೋಯ್ತು. ಹೆಸರಾದ್ರೂ ಹೇಳು," ಎಂದ ಪಾಕ್ ಗಿನೊ ನಿಟ್ಟುಸಿರು ಬಿಟ್ಟು. ಎಲ್ಲರೂ ತರ್ಸುನನ ಕಡೆ ತಿರುಗಿದರು.

ತರ್ಸುನ್ ಬಾಯಿ ತೆರೆದ. ಅಜ್ಜ ಹೇಳಿದ್ದು ನಿಜವಾಗಿತ್ತು. ಅವನ ತಲೆಯಲ್ಲಿ ರಾಜರುಗಳ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ.

"ಕಾಪುಕ್," ಎಂದಳು ರುಸ್ಮಿನಿ.

"ಬೂರುಗದ ಹತ್ತಿ?"

"ಅದಕ್ಕಿಂತ ಹಗುರವಾದ್ದು ಇನ್ನೇನಿದೆ? ಗಂಜಿ ತಿರುವ್ತಾ ಯೋಚ್ನೆ ಮಾಡ್ದೆ. ಕೂಸಿಗೆ ಅಂತ." ಅವಳು ಸೌಟು ಕೈಗೆತ್ತಿಕೊಂಡಳು. "ತಟ್ಟೆ ಹಿಡೀರಿ, ಆರಿಹೋಗುತ್ತೆ."

ಅಣ್ಣ ಮೂರು ತಟ್ಟೆ ಗಂಜಿ ತಿಂದು, ಹೆಲ್ಮೆಟ್ಟಿನೊಳಗೆ ಮುಖ ಮರೆಸಿಕೊಂಡು ಒಬ್ಬನೇ ಕೆಬುಮೆನ್‌ಗೆ ಹೊರಟುಹೋದ.

ಸ್ಪರ್ಧೆಯ ದಿನ ಕಾಪುಕ್‌ನ ತಲೆ ಕದಲಲಿಲ್ಲ. ಕಾಲಿವಾಂಗಿ ಸಂಘದವರ ಬೇಹುಗಾರರು ಈ ಸಲವೂ ಚುರುಕಾಗಿಯೇ ಕೆಲಸ ಮಾಡಿದ್ದರು. ಪ್ರಿಂಗ್ ಲಾರಸ್‌ನವರು ಗುಟ್ಟಾಗಿ ಒಂದು ಗಂಡು ಕೂಸನ್ನು ತಯಾರು ಮಾಡಿದ್ದಾರೆ, ಬಾಯಿ ದೊಡ್ಡದು, ಮೈತುಂಬ ಕೆಂಪು ಚುಕ್ಕೆ ಎಂದು ಅವರಿಗೆ ತಿಳಿದಿತ್ತು. ಹಾಗಾಗಿ ಅವರು ಮನೆಯೆತ್ತರದ ಕೂಸೊಂದನ್ನು ಕಾಗದದಲ್ಲಿ ಮಾಡಿ, ತೊಟ್ಟಿಲ ಬಟ್ಟೆ ಸುತ್ತಿ, ದಡಾರದ ಗುಳ್ಳೆ ಬರೆದು ಗಾಡಿಯ ಮೇಲೆ ತಂದರು. ಮೈಕಿನವನು ಅದನ್ನು ಆರೋಗ್ಯ ಇಲಾಖೆಯ ಪ್ರಚಾರ ಎಂದು ಕೂಗಿಬಿಟ್ಟ. ಪ್ರಿಂಗ್ ಲಾರಸ್‌ಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಬಾರದ್ದಕ್ಕೆ ಕಾರಣ, ಉತ್ಸಾಹ ತಡೆಯಲಾರದೆ ತರ್ಸುನ್ ಯಾರದೋ ಕೋಲು ಕಸಿದುಕೊಂಡು ಕೊನೆಯಲ್ಲಿ ಒಂದು ಪೆಟ್ಟು ಸೇರಿಸಿದ್ದು.

ಓಣಿ ಅಷ್ಟಕ್ಕೇ ಬಿಡಲಿಲ್ಲ. ಪಂಚರ್ ಹಾಕಿಸಲು ಬಂದವರು, "ಪಾಕ್ ಕಾಪುಕ್ ಇದಾರಾ?" ಎಂದು ಕಣ್ಣು ಮಿಟುಕಿಸಿ ಕೇಳತೊಡಗಿದರು. ತರ್ಸುನ್ ಮೊದಲು ಸಿಡುಕಿದ, ಆಮೇಲೆ ಅಭ್ಯಾಸವಾಯಿತು. ರುಸ್ಮಿನಿಯನ್ನು ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಬಾಣಲೆ ಅವಳ ಕೈಯಲ್ಲಿತ್ತು.

ಕಡೆಗೆ ಒಂದು ಬೆಳಿಗ್ಗೆ ಬು ವಿವಿತ್ ಬೇಲಿಯಾಚೆಯಿಂದ, ತಮಾಷೆಗೋ ಬಾಯಿ ತಪ್ಪಿಯೋ, ಕೂಗಿಯೇಬಿಟ್ಟಳು. "ಬು ಕಾಪುಕ್, ನಾಲ್ಕು ಕೊಡಮ್ಮ!"

ತರ್ಸುನ್ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಹಿಡಿದುಕೊಂಡೇ ಕೂತ, ತಲೆ ಎತ್ತಲಿಲ್ಲ.

"ಬಂದೆ," ಎಂದಳು ರುಸ್ಮಿನಿ ಬಾಣಲೆಯಿಂದ ಕಣ್ಣು ತೆಗೆಯದೆ. ಜಾಲರಿ ಸೌಟು ಹಾಕಿ ಎತ್ತಿದಳು. ನಾಲ್ಕೂ ಒದ್ದೆ ಕರವಸ್ತ್ರದ ಹಾಗೆ ಜೋತುಬಿದ್ದಿದ್ದವು.